ಕಾವಿನ ಚರಿತ್ರೆ: ಕೊಳವೆಗಳ ಪ್ಲಾಸ್ಟಿಕ್ ಲೇಪ, ಅದರ ತಾಳಿಕೆ ಮತ್ತು ಒಂದು ನಂಬಿಕೆಯ ವಿಮರ್ಶೆ

೧

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಉಕ್ಕಿನ ಕೊಳವೆಗಳಿಗೆ ಹಚ್ಚುವ ಲೇಪವನ್ನು ಕುರಿತ ಲೇಖನವೊಂದು ಕಾಣಿಸಿಕೊಂಡರೆ ಓದುಗರಿಗೆ ಆಶ್ಚರ್ಯವಾಗುವುದು ಸಹಜ. ಶಾಸನ, ಕಡತ, ನಾಣ್ಯ, ಕೈಫಿಯತ್ತುಗಳಲ್ಲಿ ಮಾಡಬೇಕಾದ ಕೆಲಸವೇ ಬೆಟ್ಟದಷ್ಟು ಉಳಿದಿರುವಾಗ ಪ್ಲಾಸ್ಟಿಕ್ಕಿನ ಗೊಡವೆ ನಮಗೇಕೆ ಎಂದು ಕೇಳುವವರು ಇದ್ದಾರು. ನಮ್ಮನ್ನು ಈ ವಿಷಯದ ಕಡೆಗೆ ಎಳೆದದ್ದು ಒಂದು ಪದ. ಪಾಲಿಮರ್ ವಿಜ್ಞಾನದ ಗ್ರಂಥಗಳಲ್ಲಿ ‘ಥರ್ಮಲ್ ಹಿಸ್ಟರಿ’ ಎಂಬ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಒಂದು ವಸ್ತು ತಾನು ಹುಟ್ಟಿದಂದಿನಿಂದ ಎಷ್ಟು ಸಲ ಕಾಯಿತು, ಎಷ್ಟು ಡಿಗ್ರಿಯವರೆಗೆ ಕಾಯಿತು, ಆ ಕಾವಿನಲ್ಲಿ ಎಷ್ಟು ಹೊತ್ತು ನಿಂತಿತು, ಯಾವ ವೇಗದಲ್ಲಿ ಆರಿತು ಎಂಬ ವಿವರಗಳ ಮೊತ್ತಕ್ಕೆ ಈ ಹೆಸರು. ಪ್ರಕೃತ ಲೇಖನದಲ್ಲಿ ನಾವು ಇದನ್ನು ‘ಕಾವಿನ ಚರಿತ್ರೆ’ ಎಂದು ಕರೆಯುತ್ತೇವೆ. ಚರಿತ್ರೆಯೆಂಬ ಪದವನ್ನು ಬೇರೊಂದು ಶಾಸ್ತ್ರದವರು ಎರವಲು ಪಡೆದಾಗ ಅವರು ಅದನ್ನು ಎಷ್ಟು ನಿಷ್ಠೆಯಿಂದ ಬಳಸಿದ್ದಾರೆ ಎಂದು ವಿಚಾರಿಸುವ ಅಧಿಕಾರ ಚರಿತ್ರೆಯ ವಿದ್ಯಾರ್ಥಿಗಳಾದ ನಮಗೂ ಸ್ವಲ್ಪಮಟ್ಟಿಗೆ ಉಂಟೆಂದು ಭಾವಿಸಿದ್ದೇವೆ.

ನಾವು ಇಲ್ಲಿ ವಿಮರ್ಶಿಸಹೊರಟಿರುವುದು ಒಂದು ನಂಬಿಕೆಯನ್ನು. ಪ್ಲಾಸ್ಟಿಕ್ಕುಗಳಲ್ಲಿ ಎರಡು ಬಗೆ; ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗದ ಬಗೆ ಒಂದು, ಕಾಯಿಸಿದಾಗಲೆಲ್ಲ ಮೆದುವಾಗಿ ಆರಿದಾಗಲೆಲ್ಲ ಗಟ್ಟಿಯಾಗುವ ಬಗೆ ಇನ್ನೊಂದು. ಈ ಎರಡನೆಯದನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಎರಕ ಹೊಯ್ಯಬಹುದೆಂದು ಶಾಲೆಯ ಪಾಠದಿಂದಲೇ ನಾವೆಲ್ಲರೂ ಕಲಿತಿದ್ದೇವೆ. ಮೇಣದ ಉದಾಹರಣೆಯನ್ನು ಕೊಟ್ಟು ಉಪಾಧ್ಯಾಯರು ಮುಂದಕ್ಕೆ ಹೋಗುತ್ತಾರೆ. ಆಕಾರದ ಮಟ್ಟಿಗೆ ಈ ಮಾತು ನಿಜ. ಆದರೆ ಆಕಾರ ಮರಳಿ ಬಂದಿತೆಂದರೆ ಗುಣವೂ ಮರಳಿ ಬಂದಿತೆಂದು ಕೇಳುವವನು ತಾನಾಗಿ ಊಹಿಸಿಕೊಳ್ಳುತ್ತಾನೆ. ಪ್ಲಾಸ್ಟಿಕ್ಕಿಗೆ ನೆನಪಿಲ್ಲ, ಅದು ಪ್ರತಿಸಲವೂ ಹೊಸದಾಗಿ ಹುಟ್ಟುತ್ತದೆ ಎಂಬ ಕಲ್ಪನೆ ಹೀಗೆ ಬೇರೂರುತ್ತದೆ. ಈ ಕಲ್ಪನೆ ಪಠ್ಯಪುಸ್ತಕದಲ್ಲಿ ಮಾತ್ರ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ಸಾಹಿತ್ಯ ವಿಮರ್ಶೆಯೊಳಕ್ಕೂ ಪರೀಕ್ಷಾ ವರದಿಯ ಓದಿನೊಳಕ್ಕೂ ನುಸುಳಿರುವುದರಿಂದ ವಿವೇಚನೆಗೆ ಯೋಗ್ಯವಾಗಿದೆ.

೨

ಮೊದಲು ಪದಗಳನ್ನು ಇತ್ಯರ್ಥ ಮಾಡಿಕೊಳ್ಳೋಣ. ಕನ್ನಡದ ವಿಜ್ಞಾನ ಬರಹಗಳಲ್ಲಿ ಗಡಸುತನ, ಬಿರುಸು, ಗಟ್ಟಿತನ ಎಂಬ ಪದಗಳು ಒಂದರ ಬದಲು ಇನ್ನೊಂದು ಬಳಕೆಯಾಗುತ್ತಿರುವುದುಂಟು. ನಮಗೆ ಬೇಕಾದ ಗುಣ ಇವು ಯಾವುವೂ ಅಲ್ಲ. ಗಾಜು ಗಡಸಾದದ್ದು, ಗೀರಿದರೆ ಸುಲಭವಾಗಿ ಗೆರೆ ಬೀಳದು, ಆದರೆ ಒಂದು ಪೆಟ್ಟಿಗೆ ಚೂರಾಗುತ್ತದೆ. ತೊಗಲು ಮೆತ್ತಗಿದ್ದರೂ ಪೆಟ್ಟನ್ನು ನುಂಗಿಕೊಂಡು ಹರಿಯದೆ ನಿಲ್ಲುತ್ತದೆ. ಒಂದು ವಸ್ತು ಮುರಿಯುವ ಮುನ್ನ ಎಷ್ಟು ಶಕ್ತಿಯನ್ನು ತನ್ನೊಳಗೆ ಅಡಗಿಸಿಕೊಳ್ಳಬಲ್ಲುದೋ ಅದೇ ಇಲ್ಲಿನ ಪ್ರಸ್ತುತ ಗುಣ. ಅದನ್ನು ನಾವು ‘ತಾಳಿಕೆ’ ಎಂದೂ ಅದಕ್ಕೆ ವಿರುದ್ಧವಾದುದನ್ನು ‘ಪೆಡಸುತನ’ ಎಂದೂ ಕರೆಯೋಣ. ಲೋಲಕವನ್ನು ಬೀಸಿ ಕಚ್ಚು ಮಾಡಿದ ತುಂಡನ್ನು ಮುರಿದು ಈ ಗುಣವನ್ನು ಅಳೆಯುವ ವಿಧಾನ ಫ್ರಾನ್ಸಿನ ಜಾರ್ಜ್ ಶಾರ್ಪಿಯ ಹೆಸರಿನಲ್ಲಿ ೧೯೦೧ರಿಂದ ಪ್ರಸಿದ್ಧವಾಗಿದೆ. ಕೊಳವೆಯ ಲೇಪಕ್ಕೆ ಸಾಮಾನ್ಯವಾಗಿ ಮೇಲಿನಿಂದ ತೂಕವನ್ನು ಬೀಳಿಸಿ, ಲೇಪ ತೂತು ಬಿದ್ದಿತೋ ಇಲ್ಲವೋ ಎಂಬುದನ್ನು ವಿದ್ಯುತ್ತಿನಿಂದ ಪರೀಕ್ಷಿಸುತ್ತಾರೆ.

ಲೇಪಕ್ಕೆ ತಾಳಿಕೆ ಏಕೆ ಬೇಕು? ನೆಲದೊಳಗೆ ಹೂಳಿದ ಉಕ್ಕಿನ ಕೊಳವೆಗೆ ನೀರೂ ಗಾಳಿಯೂ ತಗುಲಿದರೆ ತುಕ್ಕು ಹಿಡಿಯುತ್ತದೆ. ಲೇಪವಿರುವುದು ಇವುಗಳನ್ನು ದೂರವಿಡುವುದಕ್ಕೆ. ಆದರೆ ಲೇಪ ಹಚ್ಚಿದ ಕೊಳವೆಯನ್ನು ಲಾರಿಗೆ ಏರಿಸಬೇಕು, ಇಳಿಸಬೇಕು, ಕಾಲುವೆಯಲ್ಲಿಟ್ಟು ಮೇಲೆ ಮಣ್ಣುಕಲ್ಲು ಸುರಿಯಬೇಕು. ಪೆಡಸಾದ ಲೇಪ ಈ ಹೊಡೆತಗಳಲ್ಲೇ ಬಿರಿಯುತ್ತದೆ. ಬಿರುಕು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ತುಕ್ಕಿಗೆ ಅಷ್ಟು ಬಾಗಿಲು ಸಾಕು.

ಈ ಸಮಸ್ಯೆ ಪ್ಲಾಸ್ಟಿಕ್ಕಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ನಡುವೆ ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ ಎಂಬುವರು ನೀರಿನ ಬೀಡುಕಬ್ಬಿಣದ ಕೊಳವೆಗಳನ್ನು ಬಿಸಿಯಾದ ಕಲ್ಲಿದ್ದಲಿನ ಡಾಂಬರಿನಲ್ಲಿ ಅದ್ದಿ ತೆಗೆಯುವ ವಿಧಾನವನ್ನು ರೂಢಿಗೆ ತಂದರು. ಮುಂದೆ ಉಕ್ಕಿನ ಕೊಳವೆಗಳಿಗೂ ಡಾಂಬರಿನ ಎನಾಮಲ್ ಬಹುಕಾಲ ಬಳಕೆಯಲ್ಲಿತ್ತು. ಈ ಡಾಂಬರನ್ನು ಕಾಯಿಸುವವರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು. ಕೊಪ್ಪರಿಗೆಯಲ್ಲಿ ಮಿತಿಮೀರಿ ಕಾದರೆ ಅಥವಾ ಬಹಳ ಹೊತ್ತು ಕಾಯುತ್ತ ನಿಂತರೆ ಅದರೊಳಗಿನ ಹಗುರವಾದ ಎಣ್ಣೆಗಳು ಆವಿಯಾಗಿ ಹೋಗಿ, ಉಳಿದದ್ದು ಆರಿದಾಗ ಪೆಡಸಾಗುತ್ತದೆ. ಆದುದರಿಂದಲೇ ಎಷ್ಟು ಡಿಗ್ರಿಯವರೆಗೆ ಕಾಯಿಸಬಹುದು, ಎಷ್ಟು ಗಂಟೆ ಕೊಪ್ಪರಿಗೆಯಲ್ಲಿ ಇಡಬಹುದು ಎಂಬ ಕಟ್ಟಳೆಗಳು ಹುಟ್ಟಿಕೊಂಡವು. ಮೀರಿದ್ದನ್ನು ಚೆಲ್ಲಿಬಿಡಬೇಕೆಂಬ ನಿಯಮವೂ ಬಂದಿತು. ನಮ್ಮ ಆಲೆಮನೆಗಳಲ್ಲಿ ಬೆಲ್ಲದ ಪಾಕ ನೋಡುವವನಿಗೂ ಈ ಜ್ಞಾನ ಹೊಸದಲ್ಲ. ಹದ ಮೀರಿದ ಪಾಕವನ್ನು ಆರಿಸಿ ಮತ್ತೆ ಕಾಯಿಸಿದರೆ ಹದ ಹಿಂದಿರುಗಿ ಬರುವುದಿಲ್ಲ.

ಪ್ಲಾಸ್ಟಿಕ್ಕಿನ ಕಾಲ ಅನಂತರ ಬಂದಿತು. ೧೯೩೩ರ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ವಿನಿಂಗ್ಟನ್ನಿನಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬಿಬ್ಬರು ಅಧಿಕ ಒತ್ತಡದ ಪ್ರಯೋಗವೊಂದರಲ್ಲಿ ಬಿಳಿಯ ಮೇಣದಂತಹ ಪಾಲಿಎಥಿಲೀನನ್ನು ಅಕಸ್ಮಾತ್ತಾಗಿ ಕಂಡರು. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ತ್ಸೀಗ್ಲರ್ ಕಡಿಮೆ ಒತ್ತಡದಲ್ಲಿಯೇ ಅದನ್ನು ತಯಾರಿಸುವ ದಾರಿಯನ್ನು ತೆರೆದರು; ಮರುವರ್ಷ ಇಟಲಿಯ ಜೂಲಿಯೊ ನಟ್ಟಾ ಪಾಲಿಪ್ರೊಪಿಲೀನನ್ನು ಪಡೆದರು; ೧೯೬೩ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ೧೯೬೦ರ ಸುಮಾರಿಗೆ ಅಮೆರಿಕದಲ್ಲಿ ಎಪಾಕ್ಸಿಯ ಪುಡಿಯನ್ನು ಕಾದ ಕೊಳವೆಯ ಮೇಲೆ ಎರಚಿ ಅಲ್ಲಿಯೇ ಕರಗಿಸಿ ಗಟ್ಟಿಗೊಳಿಸುವ ವಿಧಾನ ಬಳಕೆಗೆ ಬಂದಿತು. ಕಳೆದ ಶತಮಾನದ ಕಡೆಯ ದಶಕಗಳಲ್ಲಿ ಮೂರು ಪದರಗಳ ಲೇಪ ಹರಡಿತು: ಉಕ್ಕಿಗೆ ತಾಗಿದಂತೆ ಎಪಾಕ್ಸಿ, ಅದರ ಮೇಲೆ ಅಂಟು, ಎಲ್ಲಕ್ಕೂ ಮೇಲೆ ಪಾಲಿಎಥಿಲೀನು ಅಥವಾ ಪಾಲಿಪ್ರೊಪಿಲೀನು. ಇದನ್ನು ಹಚ್ಚುವಾಗ ಕೊಳವೆಯನ್ನು ೨೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸುತ್ತಾರೆ. ಕೊನೆಗೆ ನೀರೆರಚಿ ಆರಿಸುತ್ತಾರೆ. ಹೀಗೆ ಲೇಪದ ಜನನವೇ ಕಾವಿನಲ್ಲಿ. ಆ ಕಾವು ಮೊದಲನೆಯದೇ ಹೊರತು ಕೊನೆಯದಲ್ಲ ಎಂಬುದನ್ನು ಮುಂದೆ ನೋಡೋಣ.

೩

ಪ್ಲಾಸ್ಟಿಕ್ಕನ್ನು ಕುರಿತು ಬರೆದ ವಿಮರ್ಶಕರಲ್ಲಿ ಅತ್ಯಂತ ಪ್ರಖ್ಯಾತರು ಫ್ರಾನ್ಸಿನ ರೋಲಾನ್ ಬಾರ್ತ್. ೧೯೫೭ರಲ್ಲಿ ಗ್ರಂಥರೂಪವಾಗಿ ಹೊರಬಂದ ಅವರ ‘ಮಿಥಾಲಜೀಸ್’ ಎಂಬ ಪ್ರಬಂಧ ಸಂಕಲನದಲ್ಲಿ ಪ್ಲಾಸ್ಟಿಕ್ಕನ್ನು ಕುರಿತದ್ದೂ ಒಂದು. ಪ್ಲಾಸ್ಟಿಕ್ ವಸ್ತುಪ್ರದರ್ಶನವೊಂದರಲ್ಲಿ ಯಂತ್ರದ ಒಂದು ಕಡೆ ಕಚ್ಚಾ ಹರಳು ಒಳಹೋಗಿ ಮತ್ತೊಂದು ಕಡೆ ಸಿದ್ಧವಸ್ತು ಹೊರಬರುವುದನ್ನು ಜನ ಸಾಲುಗಟ್ಟಿ ನಿಂತು ನೋಡುವ ದೃಶ್ಯದಿಂದ ಅವರ ವಿಚಾರ ಬೆಳೆಯುತ್ತದೆ. ಈ ದ್ರವ್ಯ ಒಂದು ವಸ್ತುವಿಗಿಂತ ಹೆಚ್ಚಾಗಿ ಅಂತ್ಯವಿಲ್ಲದ ರೂಪಾಂತರದ ಭಾವನೆಯೆಂದೂ, ಹಳೆಯ ರಸವಾದಿಗಳ ಕನಸಿನಂತೆ ಇದು ಯಾವುದು ಬೇಕಾದರೂ ಆಗಬಲ್ಲುದೆಂದೂ, ಆದರೆ ಈ ಸರ್ವಶಕ್ತಿಗೆ ಪ್ರತಿಯಾಗಿ ಅದಕ್ಕೆ ತನ್ನದೆಂಬ ಸತ್ತ್ವವಿಲ್ಲವೆಂದೂ ಅವರ ತಾತ್ಪರ್ಯ.

ಬಾರ್ತರ ಪ್ರಬಂಧ ಸೂಕ್ಷ್ಮವಾದದ್ದು. ಮಧ್ಯಮವರ್ಗದ ಮನೋಧರ್ಮವನ್ನು ಬಯಲಿಗೆಳೆಯುವುದರಲ್ಲಿ ಅದರ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ಅವರು ದ್ರವ್ಯವನ್ನು ಕುರಿತಲ್ಲ, ದ್ರವ್ಯದ ಸುತ್ತ ಹುಟ್ಟಿದ ಪುರಾಣವನ್ನು ಕುರಿತು ಬರೆದರು ಎಂಬ ಸಮಾಧಾನವನ್ನೂ ನಾವು ಬಲ್ಲೆವು. ಆದರೂ ನಮ್ಮದೊಂದು ಆಕ್ಷೇಪ ಉಳಿಯುತ್ತದೆ. ಪುರಾಣವನ್ನು ಬಿಡಿಸಿ ತೋರಿಸುವವನು ಆ ಪುರಾಣದ ಯಾವ ಅಂಶ ಸುಳ್ಳೆಂಬುದನ್ನು ತಿಳಿದಿರಬೇಕಷ್ಟೆ. ಅಂತ್ಯವಿಲ್ಲದ ರೂಪಾಂತರವೆಂಬುದನ್ನು ಬಾರ್ತರು ವಸ್ತುವಿನ ನಿಜಗುಣವೆಂದೇ ಅಂಗೀಕರಿಸಿ, ಅದರ ನೈತಿಕ ಫಲವನ್ನು ಮಾತ್ರ ಟೀಕಿಸಿದರು. ಪ್ರದರ್ಶನದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಹರಳು ಅಚ್ಚಿಗೆ ಹೋಗುವ ಕಾವು ಮಾತ್ರ. ಅದೇ ವಸ್ತುವನ್ನು ಎರಡನೆಯ, ಐದನೆಯ, ಹತ್ತನೆಯ ಸಲ ಅದೇ ಯಂತ್ರಕ್ಕೆ ಹಾಕಿದ್ದನ್ನು ನೋಡಿದ್ದರೆ ಪ್ರಬಂಧದ ವಾದ ಬೇರೆಯ ಹಾದಿ ಹಿಡಿಯಬೇಕಾಗುತ್ತಿತ್ತು. ಒಂದು ದಿನದ ಜಾತ್ರೆಯನ್ನು ಕಂಡ ಪ್ರವಾಸಿ ಅದನ್ನೇ ಆ ಊರಿನ ನಿತ್ಯಜೀವನವೆಂದು ಬರೆದಿಟ್ಟರೆ ಇತಿಹಾಸಕಾರ ಹೇಗೆ ಎಚ್ಚರಿಕೆಯಿಂದ ಓದುತ್ತಾನೋ ಹಾಗೆಯೇ ಈ ಪ್ರಬಂಧವನ್ನೂ ಓದಬೇಕು.

ಇಲ್ಲಿ ಒಂದು ಕಾಕತಾಳೀಯವನ್ನು ಸೂಚಿಸದಿರಲಾರೆವು. ವಿಕಿರಣದಿಂದ ಪಾಲಿಎಥಿಲೀನಿನ ಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆಂದು ಆರ್ಥರ್ ಚಾರ್ಲ್ಸ್‌ಬಿ ೧೯೫೨ರಲ್ಲಿ ತೋರಿಸಿದ್ದರು. ಬಾರ್ತರ ಗ್ರಂಥ ಪ್ರಕಟವಾದ ೧೯೫೭ರಲ್ಲಿಯೇ ಕ್ಯಾಲಿಫೋರ್ನಿಯದಲ್ಲಿ ಪಾಲ್ ಕುಕ್ ಎಂಬುವರು ಸ್ಥಾಪಿಸಿದ, ಅನಂತರ ರೇಕೆಮ್ ಎಂದು ಹೆಸರಾದ ಸಂಸ್ಥೆ ಇದೇ ತತ್ತ್ವದ ಮೇಲೆ ಬೆಳೆಯಿತು. ಹೀಗೆ ಕೊಂಡಿ ಬಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಕಾಯಿಸಿ ಹಿಗ್ಗಿಸಿ ಆರಿಸಿಟ್ಟರೆ, ಮತ್ತೆ ಕಾಯಿಸಿದಾಗ ಅದು ಹಿಂದಿನ ಅಳತೆಗೆ ಕುಗ್ಗಿ ಒಳಗಿನ ವಸ್ತುವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಉಕ್ಕಿನ ಕೊಳವೆಗಳ ಬೆಸುಗೆಯ ಜಾಗಕ್ಕೆ ಇಂದು ತೊಡಿಸುವ ಕುಗ್ಗುತೋಳುಗಳು ಈ ವಂಶದವೇ. ಪ್ಲಾಸ್ಟಿಕ್ಕಿಗೆ ಸ್ಥಿರರೂಪವೇ ಇಲ್ಲವೆಂದು ಪ್ಯಾರಿಸಿನಲ್ಲಿ ಬರೆಯುತ್ತಿದ್ದಾಗ, ಅದರ ನೆನಪನ್ನೇ ಬಂಡವಾಳ ಮಾಡಿಕೊಂಡು ಒಂದು ಉದ್ಯಮ ಅತ್ತ ಹುಟ್ಟುತ್ತಿತ್ತು.

೪

ಮತ್ತೆ ಮತ್ತೆ ಕಾದ ಲೇಪದಲ್ಲಿ ನಿಜವಾಗಿ ಆಗುವುದೇನು? ಈ ವಿಷಯದಲ್ಲಿ ಹಲವು ಬರಹಗಳು ‘ಕಾವಿನಿಂದ ಪ್ಲಾಸ್ಟಿಕ್ ಹಾಳಾಗುತ್ತದೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಅದು ಹಿಂದಿನ ನಂಬಿಕೆಗೆ ವಿರುದ್ಧವಾದ ಇನ್ನೊಂದು ನಂಬಿಕೆಯಷ್ಟೆ. ವಾಸ್ತವವಾಗಿ ಕಾವು ಬಿಟ್ಟುಹೋಗುವ ಗುರುತುಗಳಲ್ಲಿ ಎರಡು ಜಾತಿ: ಅಳಿಸಬಹುದಾದವು ಮತ್ತು ಅಳಿಸಲಾಗದವು.

ಅಳಿಸಬಹುದಾದ ಗುರುತುಗಳು ಅಣುಗಳ ಜೋಡಣೆಗೆ ಸಂಬಂಧಪಟ್ಟವು. ಪಾಲಿಎಥಿಲೀನಿನಲ್ಲಿ ಅಣುಗಳ ನೀಳ ಸರಪಳಿಗಳು ಕೆಲವೆಡೆ ಮಡಿಕೆಮಡಿಕೆಯಾಗಿ ಸ್ಫಟಿಕದ ತಗಡುಗಳಾಗುತ್ತವೆ. ಕೆಲವೆಡೆ ಗೋಜಲಾಗಿ ಉಳಿಯುತ್ತವೆ. ಒಂದು ತಗಡಿನಿಂದ ಇನ್ನೊಂದಕ್ಕೆ ಹಾಯ್ದು ಎರಡನ್ನೂ ಕಟ್ಟಿಹಾಕುವ ಸರಪಳಿಗಳೇ ತಾಳಿಕೆಗೆ ಮುಖ್ಯವಾದ ಆಧಾರ. ಕರಗುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬಹಳ ಹೊತ್ತು ಕಾಯಿಸಿದರೆ ತಗಡುಗಳು ದಪ್ಪವಾಗುತ್ತವೆ, ವಸ್ತು ಬಿಗಿಯಾಗುತ್ತದೆ, ಗಡಸುತನ ಹೆಚ್ಚುತ್ತದೆ. ತಾಳಿಕೆ ಮಾತ್ರ ಕುಗ್ಗುವ ಸಂಭವವಿರುತ್ತದೆ. ಹೆಚ್ಚು ಸಾಂದ್ರತೆಯ ಪಾಲಿಎಥಿಲೀನು ಸುಮಾರು ೧೩೦ ಡಿಗ್ರಿಯಲ್ಲಿಯೂ ಪಾಲಿಪ್ರೊಪಿಲೀನು ೧೬೦ ಡಿಗ್ರಿಗೆ ತುಸು ಮೇಲೆಯೂ ಕರಗುತ್ತವೆ. ಪೂರ್ತಿ ಕರಗಿಸಿ ಬೇಗ ಆರಿಸಿದರೆ ಹಿಂದಿನ ಜೋಡಣೆ ಅಳಿದು ಹೊಸದು ಏರ್ಪಡುತ್ತದೆ. ಎಪಾಕ್ಸಿಯಲ್ಲಿಯೂ ಇಂತಹ ಒಂದು ಸಂಗತಿಯುಂಟು. ಗಾಜಿನಂತೆ ಗಟ್ಟಿಯಾಗಿರುವ ಸ್ಥಿತಿಯಲ್ಲಿ ಅದು ಕಾಲಕ್ರಮದಲ್ಲಿ ಮೆಲ್ಲಮೆಲ್ಲನೆ ಅಡಕಗೊಂಡು ಪೆಡಸಾಗುತ್ತದೆ; ಆ ಸ್ಥಿತಿ ಸಡಿಲುವ ಮಟ್ಟದಿಂದ ಮೇಲಕ್ಕೆ ಕಾಯಿಸಿದರೆ ಈ ಮುಪ್ಪು ಕಳೆಯುತ್ತದೆ. ಇಷ್ಟರಮಟ್ಟಿಗೆ ಮರುಹುಟ್ಟಿನ ಕಲ್ಪನೆ ಸಂಪೂರ್ಣ ಸುಳ್ಳಲ್ಲವೆಂದು ಒಪ್ಪಬೇಕು.

ಅಳಿಸಲಾಗದ ಗುರುತುಗಳು ಸರಪಳಿಯನ್ನೇ ಮುಟ್ಟುತ್ತವೆ. ಕಾದ ಪ್ಲಾಸ್ಟಿಕ್ಕಿಗೆ ಗಾಳಿಯ ಆಮ್ಲಜನಕ ಸೇರಿ ಪೆರಾಕ್ಸೈಡುಗಳು ಹುಟ್ಟುತ್ತವೆ. ಅವು ಒಡೆದು ಇನ್ನಷ್ಟು ಪೆರಾಕ್ಸೈಡುಗಳಿಗೆ ದಾರಿ ಮಾಡುತ್ತವೆ. ಸಾಲದ ಬಡ್ಡಿಯೇ ಮತ್ತೆ ಅಸಲಾಗಿ ಬೆಳೆಯುವಂತಹ ವ್ಯವಹಾರವಿದು. ಇದನ್ನು ತಡೆಯಲೆಂದು ಪ್ಲಾಸ್ಟಿಕ್ಕಿಗೆ ಉತ್ಕರ್ಷಣ ನಿರೋಧಕ ದ್ರವ್ಯಗಳನ್ನು ಬೆರೆಸಿರುತ್ತಾರೆ. ಅವು ತಮ್ಮನ್ನು ತಾವೇ ಕಳೆದುಕೊಂಡು ಸರಪಳಿಯನ್ನು ಉಳಿಸುತ್ತವೆ. ಪ್ರತಿಯೊಂದು ಕಾವಿನಲ್ಲಿಯೂ ಈ ದಾಸ್ತಾನು ಸ್ವಲ್ಪ ಸ್ವಲ್ಪವೇ ಖರ್ಚಾಗುತ್ತದೆ. ದಾಸ್ತಾನು ಇರುವವರೆಗೆ ತಾಳಿಕೆಯ ಅಳತೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣದಿರಬಹುದು; ಮುಗಿದ ಮೇಲೆ ಕುಸಿತ ಒಮ್ಮೆಗೇ ಬರುತ್ತದೆ. ಆದುದರಿಂದ ಎರಡು ಮೂರು ಸಲ ಕಾಯಿಸಿ ನೋಡಿ, ಏನೂ ಆಗಲಿಲ್ಲವಾದ ಕಾರಣ ಹತ್ತು ಸಲಕ್ಕೂ ಏನೂ ಆಗದೆಂದು ತರ್ಕಿಸುವುದು ಕಣಜದ ಹೊರಗೋಡೆಯನ್ನು ನೋಡಿ ಒಳಗಿನ ಕಾಳನ್ನು ಅಳೆದಂತಾಗುತ್ತದೆ.

ಇನ್ನೂ ಒಂದು ತೊಡಕಿದೆ. ಒಂದೇ ಕಾವು ಎರಡು ವಸ್ತುಗಳಲ್ಲಿ ವಿರುದ್ಧವಾದ ಫಲವನ್ನು ಕೊಡಬಹುದು. ಪಾಲಿಪ್ರೊಪಿಲೀನಿನಲ್ಲಿ ಸರಪಳಿಗಳು ಮುಖ್ಯವಾಗಿ ತುಂಡಾಗುತ್ತವೆ. ಕರಗಿದಾಗ ಅದು ಮೊದಲಿಗಿಂತ ಸರಾಗವಾಗಿ ಹರಿಯುತ್ತದೆ. ಕ್ರೋಮಿಯಂ ವೇಗವರ್ಧಕದಿಂದ ತಯಾರಾದ ಪಾಲಿಎಥಿಲೀನಿನಲ್ಲಿ ಸರಪಳಿಯ ತುದಿಯ ದ್ವಿಬಂಧಗಳ ಮೂಲಕ ಕೊಂಡಿಗಳು ಬೆಳೆಯುವುದು ಸಾಮಾನ್ಯ. ಅದು ಮೊದಲಿಗಿಂತ ನಿಧಾನವಾಗಿ ಹರಿಯುತ್ತದೆ. ಕಾರ್ಖಾನೆಗಳಲ್ಲಿ ಅಳೆಯುವ ಹರಿವಿನ ಸೂಚ್ಯಂಕವನ್ನೊಂದನ್ನೇ ನೋಡಿದವನು ಒಂದನ್ನು ಕೆಟ್ಟಿತೆಂದೂ ಇನ್ನೊಂದನ್ನು ಸುಧಾರಿಸಿತೆಂದೂ ತಿಳಿದಾನು. ತುಂಡಾಗುವುದೂ ಕೊಂಡಿ ಬೀಳುವುದೂ ಒಂದೇ ಸಮಯದಲ್ಲಿ ಸರಿಸಮವಾಗಿ ನಡೆದರೆ ಸೂಚ್ಯಂಕ ಕದಲುವುದೇ ಇಲ್ಲ. ವಸ್ತು ಮಾತ್ರ ಹಿಂದಿನದಲ್ಲ. ಎಪಾಕ್ಸಿಯ ವಿಷಯದಲ್ಲಿ ಎರಡನೆಯ ಕಾವು ಒಳ್ಳೆಯದನ್ನೂ ಮಾಡಬಹುದು: ಮೊದಲ ಸಲ ಅರೆಬೆಂದಿದ್ದ ಲೇಪ ಪೂರ್ತಿ ಬೆಂದು ತಾಳಿಕೆಯನ್ನು ಪಡೆಯಬಹುದು. ಆದರೆ ನಡುವೆ ಅದು ನೀರನ್ನು ಹೀರಿಕೊಂಡಿದ್ದರೆ ಆ ನೀರು ಆವಿಯಾಗಿ ಗುಳ್ಳೆಗಳೇಳುವುದೂ ಉಂಟು. ಹಾಗಾದರೆ ಫಲವನ್ನು ನಿರ್ಣಯಿಸುವುದು ಕಾವಲ್ಲ, ಕಾವುಗಳ ಕ್ರಮ. ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಏನು ನಡೆಯಿತು ಎಂಬುದು ಮುಖ್ಯವಾದಾಗಲೇ ಒಂದು ವಿಷಯಕ್ಕೆ ಚರಿತ್ರೆ ಇದೆಯೆಂದು ನಾವು ಹೇಳುವುದು.

ಸತತವಾದ ಕಾವಿಗೂ ಬಿಟ್ಟುಬಿಟ್ಟು ಬರುವ ಕಾವಿಗೂ ಇರುವ ಅಂತರವನ್ನು ಇದೇ ಕಾರಣದಿಂದ ಗಮನಿಸಬೇಕು. ಐದು ಗಂಟೆ ಒಂದೇ ಸಮನೆ ಕಾಯಿಸಿದ್ದೂ ಗಂಟೆಗೊಂದರಂತೆ ಐದು ಸಲ ಕಾಯಿಸಿದ್ದೂ ಲೆಕ್ಕದಲ್ಲಿ ಒಂದೇ ಆದರೂ ವಸ್ತುವಿನಲ್ಲಿ ಒಂದೇ ಅಲ್ಲ. ಮೈಸೂರು ಸೀಮೆಯ ಜನ ಧಾತು, ಈಶ್ವರ ಸಂವತ್ಸರಗಳೆಂದು ನೆನೆಯುವ ೧೮೭೬-೭೮ರ ಕ್ಷಾಮ ಅಷ್ಟು ಘೋರವಾದದ್ದಕ್ಕೆ ಮಳೆಯ ವೈಫಲ್ಯಗಳು ಬಿಡುವಿಲ್ಲದೆ ಬಂದದ್ದೂ ಒಂದು ಕಾರಣ. ನಡುವೆ ಒಂದು ಒಳ್ಳೆಯ ಬೆಳೆ ಬಂದಿದ್ದರೆ ಹಗೇವು ಮತ್ತೆ ತುಂಬುತ್ತಿತ್ತು. ಪ್ಲಾಸ್ಟಿಕ್ಕಿನ ಪಾಡು ಇದಕ್ಕೆ ವಿಪರೀತ. ಅಲ್ಲಿ ಬಿಡುವಿನ ಕಾಲದಲ್ಲಿ ನಿರೋಧಕದ ಕಣಜ ತುಂಬುವುದಿಲ್ಲ. ಬದಲಾಗಿ, ಕಾವಿನಲ್ಲಿ ಒಳಗೆ ಖರ್ಚಾಗಿದ್ದ ಆಮ್ಲಜನಕದ ಜಾಗಕ್ಕೆ ಹೊರಗಿನಿಂದ ಹೊಸ ಆಮ್ಲಜನಕ ಇಳಿದುಬರಲು ಅವಕಾಶವಾಗುತ್ತದೆ. ಅಲ್ಲದೆ ಪ್ರತಿಸಲ ಆರುವಾಗಲೂ ಲೇಪ ಉಕ್ಕಿಗಿಂತ ಬಹಳ ಹೆಚ್ಚಾಗಿ ಕುಗ್ಗುತ್ತದೆ. ಒಂದು ಡಿಗ್ರಿಗೆ ಉಕ್ಕು ಹತ್ತು ಲಕ್ಷದಲ್ಲಿ ಸುಮಾರು ೧೨ ಭಾಗ ಹಿಗ್ಗಿದರೆ ಪಾಲಿಎಥಿಲೀನಿನದು ಅದರ ಹತ್ತು ಪಟ್ಟಿಗೂ ಮಿಕ್ಕಿದ್ದು. ಅಂಟಿಕೊಂಡ ಎರಡು ಮೈಗಳು ಬೇರೆಬೇರೆ ಅಳತೆಗೆ ಕುಗ್ಗಹೊರಟಾಗ ನಡುವಣ ಬೆಸುಗೆಯ ಮೇಲೆ ಬೀಳುವ ಎಳೆತ ಪ್ರತಿ ಆವರ್ತದಲ್ಲಿಯೂ ಮರುಕಳಿಸುತ್ತದೆ. ತಾಳಿಕೆ ಕುಂದಿದ ಲೇಪ ಈ ಎಳೆತಕ್ಕೆ ಅಂಚಿನಿಂದ ಬಿರಿಯತೊಡಗುತ್ತದೆ.

೫

ಈಗ ಪರೀಕ್ಷಾ ವರದಿಯನ್ನು ಒಂದು ಆಕರವೆಂದು ಭಾವಿಸಿ ಓದೋಣ. ಆಕರವೊಂದು ಎದುರಾದಾಗ ನಾವು ಕೇಳುವ ಪ್ರಶ್ನೆಗಳು ಪರಿಚಿತವಾದವು: ಇದು ಯಾರ ಮಾತು? ಯಾವಾಗ ಆಡಿದ್ದು? ಸಾಕ್ಷಿ ಘಟನೆಯ ಸ್ಥಳದಲ್ಲಿ ಇದ್ದನೆ? ಲೇಪದ ತಾಳಿಕೆಯ ವರದಿಗೆ ಆಧಾರ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಲೇಪವಾದ ಕೊಳವೆಯಿಂದ ಕತ್ತರಿಸಿದ ಒಂದು ತುಂಡು. ಆ ತುಂಡು ಕಾರ್ಖಾನೆಯ ಕಾವನ್ನು ಕಂಡಿದೆ, ಅನಂತರದ್ದೊಂದನ್ನೂ ಕಂಡಿಲ್ಲ. ಕೊಳವೆಯಾದರೋ ಅಲ್ಲಿಂದ ಮುಂದೆ ಪಯಣಿಸುತ್ತದೆ. ಹೊಲದಲ್ಲಿ ಎರಡು ಕೊಳವೆಗಳ ತುದಿಗಳನ್ನು ಬೆಸೆಯುವುದಕ್ಕಾಗಿ ಲೇಪವಿಲ್ಲದ ಅಂಚನ್ನು ಬಿಟ್ಟಿರುತ್ತಾರೆ. ಬೆಸುಗೆಯಾದ ಮೇಲೆ ಆ ಜಾಗವನ್ನು ವಿದ್ಯುತ್ ಸುರುಳಿಯಿಂದಲೋ ಅನಿಲದ ಜ್ವಾಲೆಯಿಂದಲೋ ಕಾಯಿಸಿ ಹೊಸ ಲೇಪವನ್ನು ಹಚ್ಚುತ್ತಾರೆ ಅಥವಾ ಕುಗ್ಗುತೋಳನ್ನು ತೊಡಿಸುತ್ತಾರೆ. ಅಕ್ಕಪಕ್ಕದ ಹಳೆಯ ಲೇಪದ ಅಂಚೂ ಆಗ ಎರಡನೆಯ ಸಲ ಕಾಯುತ್ತದೆ. ಮೊದಲ ಪ್ರಯತ್ನ ಸರಿಹೋಗದಿದ್ದರೆ ಕಿತ್ತುಹಾಕಿ ಮತ್ತೆ ಕಾಯಿಸುತ್ತಾರೆ. ಅದು ಮೂರನೆಯ ಕಾವು. ಬಿಸಿಯಾದ ಎಣ್ಣೆ ಹರಿಯುವ ಕೊಳವೆಯಾದರೆ ಹರಿವು ನಿಂತು ಪ್ರಾರಂಭವಾದಾಗಲೆಲ್ಲ, ಮಟ್ಟ ಚಿಕ್ಕದಾದರೂ, ಹೊಸ ಆವರ್ತ.

ಹೀಗೆ ಮೂರು ಸಲ ಕಾದ ಅಂಚಿನ ಪರವಾಗಿ ಒಂದು ಸಲ ಕಾದ ತುಂಡು ಸಾಕ್ಷಿ ಹೇಳುತ್ತಿದೆ. ನಮ್ಮ ಶಾಸನಶಾಸ್ತ್ರದಲ್ಲಿ ಕೂಟಶಾಸನಗಳೆಂಬ ವರ್ಗವುಂಟು. ದಾನವೇ ನಡೆಯದಿದ್ದರೂ ನಡೆದಂತೆ ಬರೆದವು ಅವು. ಪರೀಕ್ಷಾ ವರದಿ ಆ ವರ್ಗಕ್ಕೆ ಸೇರಿದ್ದಲ್ಲ. ಅದರಲ್ಲಿ ಬರೆದಿರುವ ಪ್ರತಿಯೊಂದು ಅಂಕಿಯೂ ಸತ್ಯವಿರಬಹುದು. ಅದನ್ನು ಹೋಲಿಸಬೇಕಾದದ್ದು ಒಂದು ಊರಿನಿಂದ ಕಿತ್ತು ತಂದು ಮತ್ತೊಂದು ಊರಿನ ಕೆರೆಯ ತೂಬಿಗೆ ಕಟ್ಟಿದ ಕಲ್ಲಿಗೆ. ಶಾಸನ ನಿಜ, ಆದರೆ ಅದು ಹೇಳುವುದು ಈ ಕೆರೆಯ ವಿಷಯವನ್ನಲ್ಲ.

ಪ್ರಯೋಗಾಲಯದ ಇನ್ನೊಂದು ಪದ್ಧತಿಯೂ ಇಲ್ಲಿ ಉಲ್ಲೇಖಾರ್ಹ. ವಸ್ತುವನ್ನು ಕ್ರಮವಾಗಿ ಕಾಯಿಸುತ್ತ ಅದು ಹೀರುವ ಶಾಖವನ್ನು ಅಳೆಯುವ ಉಪಕರಣದಲ್ಲಿ ಸಾಮಾನ್ಯವಾಗಿ ಎರಡು ಸಲ ಕಾಯಿಸುತ್ತಾರೆ. ಮೊದಲ ಸಲದ ಉದ್ದೇಶ ಹಿಂದಿನ ಕಾವಿನ ಚರಿತ್ರೆಯನ್ನು ಅಳಿಸುವುದು. ಎರಡನೆಯ ಸಲ ಬಂದದ್ದನ್ನು ವಸ್ತುವಿನ ಸ್ವಂತ ಗುಣವೆಂದು ಬರೆದುಕೊಳ್ಳುತ್ತಾರೆ. ಎರಡು ವಸ್ತುಗಳನ್ನು ಹೋಲಿಸುವುದಕ್ಕೆ ಇದು ನ್ಯಾಯವಾದ ಕ್ರಮ. ಆದರೆ ನೆಲದಲ್ಲಿ ಹೂತ ಲೇಪ ಬಾಳುವುದು ಅಳಿಸದ ಚರಿತ್ರೆಯೊಡನೆ. ಎಪಾಕ್ಸಿ ಲೇಪವನ್ನು ಪರೀಕ್ಷಿಸುವವರು ಎರಡು ಸಲದ ಅಂಕಿಗಳ ನಡುವಣ ವ್ಯತ್ಯಾಸವನ್ನೇ ಓದಿ ಲೇಪ ಎಷ್ಟು ಬೆಂದಿದೆ ಎಂಬುದನ್ನು ತಿಳಿಯುತ್ತಾರೆ. ಅದೇ ಉಪಕರಣ, ಅದೇ ಎರಡು ಕಾವು. ಒಬ್ಬರಿಗೆ ಅಳಿಸಬೇಕಾದದ್ದು ಇನ್ನೊಬ್ಬರಿಗೆ ಓದಬೇಕಾದದ್ದು. ಈ ಎರಡನೆಯ ಮನೋಧರ್ಮವೇ ಚರಿತ್ರಕಾರನಿಗೆ ಹತ್ತಿರವಾದದ್ದೆಂದು ಬೇರೆ ಹೇಳಬೇಕಾಗಿಲ್ಲ.

೬

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಮರೆಮಾಚುವುದು ಸರಿಯಲ್ಲ. ಮೊದಲನೆಯದಾಗಿ, ಉತ್ತಮ ನಿರೋಧಕಗಳನ್ನು ಬೆರೆಸಿದ ಪಾಲಿಎಥಿಲೀನು ಹಲವು ಸಲ ಕಾದರೂ ತನ್ನ ತಾಳಿಕೆಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಇದು ನಿಜ, ಆದರೆ ಉಳಿಸಿಕೊಂಡದ್ದು ಯಾವುದರ ವೆಚ್ಚದಲ್ಲಿ ಎಂಬ ಪ್ರಶ್ನೆಗೆ ತಾಳಿಕೆಯ ಅಂಕಿ ಉತ್ತರ ಕೊಡದು. ಅದಕ್ಕೆ ನಿರೋಧಕದ ಉಳಿಕೆಯನ್ನು ತಿಳಿಸುವ ಪರೀಕ್ಷೆಯೇ ಇದೆ: ಸುಮಾರು ೨೦೦ ಡಿಗ್ರಿಯ ಕಾವಿನಲ್ಲಿ ಆಮ್ಲಜನಕವನ್ನು ಹಾಯಿಸಿ, ಉತ್ಕರ್ಷಣ ಪ್ರಾರಂಭವಾಗಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ನೋಡುವುದು. ಎರಡು ಅಂಕಿಗಳನ್ನೂ ಒಟ್ಟಿಗೆ ಓದಿದಾಗ ಮಾತ್ರ ಇಂದಿನ ಸ್ಥಿತಿಯೊಡನೆ ನಾಳೆಯ ಸುಳಿವೂ ದೊರೆಯುತ್ತದೆ.

ಎರಡನೆಯದಾಗಿ, ಇಂಜಿನಿಯರುಗಳು ಆವರ್ತ ಪರೀಕ್ಷೆಗಳನ್ನು ಮಾಡದೆ ಇಲ್ಲ. ಒಲೆಯಲ್ಲಿ ತಿಂಗಳುಗಟ್ಟಲೆ ಕಾಯಿಸಿ ದಶಕಗಳ ಬಾಳಿಕೆಯನ್ನು ಲೆಕ್ಕಹಾಕುವ ಕ್ರಮವೂ ಇದೆ ಎನ್ನಬಹುದು. ಸ್ವಾಂಟೆ ಅರೇನಿಯಸ್ ೧೮೮೯ರಲ್ಲಿ ತೋರಿಸಿದ ಕಾವಿಗೂ ರಾಸಾಯನಿಕ ವೇಗಕ್ಕೂ ಇರುವ ಸಂಬಂಧವೇ ಈ ಲೆಕ್ಕಕ್ಕೆ ತಳಹದಿ. ನಾವು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚು ಕಾವಿನಲ್ಲಿ ಕಂಡ ವೇಗವನ್ನು ಕಡಿಮೆ ಕಾವಿಗೆ ಎಳೆದು ತರುವಾಗ ನಡುವೆ ಕರಗುವ ಮಟ್ಟವೊಂದು ಅಡ್ಡ ಬಂದರೆ ಗೆರೆ ನೇರವಾಗಿ ಉಳಿಯುವುದಿಲ್ಲ. ಕರಗಿದ ಪ್ಲಾಸ್ಟಿಕ್ಕಿನ ಅನುಭವದಿಂದ ಗಟ್ಟಿಯಾದದ್ದರ ಆಯುಷ್ಯವನ್ನು ಹೇಳುವುದು ಯುದ್ಧಕಾಲದ ಬೆಲೆಪಟ್ಟಿಯಿಂದ ಶಾಂತಿಕಾಲದ ಸಂಸಾರವನ್ನು ಅಂದಾಜು ಮಾಡಿದಂತೆ.

ಮೂರನೆಯ ಆಕ್ಷೇಪವೇ ಹೆಚ್ಚು ಬಲವಾದದ್ದು: ಪ್ರತಿಯೊಂದು ಕೊಳವೆಯ ಪ್ರತಿಯೊಂದು ಅಂಚಿಗೂ ಇಂತಹ ಕಥೆಯನ್ನು ಬರೆದಿಡುವುದು ಸಾಧ್ಯವೆ? ಸಾಧ್ಯವೆಂದೇ ನಮ್ಮ ಉತ್ತರ. ಕೊಳವೆಗೆ ಸಂಖ್ಯೆಯಿದೆ, ಬೆಸುಗೆಗೆ ಸಂಖ್ಯೆಯಿದೆ, ಬೆಸುಗೆ ಹಾಕಿದವನಿಗೂ ಗುರುತಿದೆ. ಅದೇ ಪುಸ್ತಕದಲ್ಲಿ ಅಂಚು ಎಷ್ಟು ಸಲ ಕಾಯಿತು, ಯಾವ ಮಟ್ಟಕ್ಕೆ, ಎಷ್ಟು ನಿಮಿಷ ಎಂಬ ಮೂರು ಅಂಕಣಗಳು ಸೇರಿದರೆ ಸಾಕು. ಜೊತೆಗೆ ಪರೀಕ್ಷೆಗೆ ಕಳುಹಿಸುವ ತುಂಡನ್ನು ಹೊಲದಲ್ಲಿ ಆಗುವಷ್ಟೇ ಸಲ ಕಾಯಿಸಿ ಅನಂತರ ಮುರಿಯಬೇಕು. ಸಾಕ್ಷಿಯನ್ನು ಘಟನೆಯ ಸ್ಥಳಕ್ಕೆ ಕರೆದೊಯ್ಯುವುದೆಂದರೆ ಇಷ್ಟೆ.

ಇದರಲ್ಲಿ ನಮ್ಮ ನಾಡಿಗೂ ಪಾಲುಂಟು. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಪೆಟ್ರೋಲಿಯಂ ಉತ್ಪನ್ನಗಳ ಕೊಳವೆಮಾರ್ಗ ೨೦೦೩ರಲ್ಲಿ ಬಂದಿತು. ಸುಮಾರು ೪೫೦ ಕಿಲೋಮೀಟರು ಉದ್ದದ ಕೊಚ್ಚಿ–ಮಂಗಳೂರು ಅನಿಲದ ಕೊಳವೆಮಾರ್ಗ ೨೦೨೧ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಇಂತಹ ಮಾರ್ಗಗಳು ತೋಟಗಳ ಕೆಳಗೆ, ಹೊಳೆಗಳ ತಳದಲ್ಲಿ, ಊರುಗಳ ಪಕ್ಕದಲ್ಲಿ ಹಾಯುತ್ತವೆ. ಮೇಲೆ ಬೇಸಾಯ ಮಾಡುವವನಿಗೆ ಕೆಳಗಿನ ಲೇಪವನ್ನು ನೋಡುವ ಅವಕಾಶವಿಲ್ಲ. ಅವನು ನಂಬಬೇಕಾದದ್ದು ಬರಹವನ್ನು. ಆ ಬರಹ ಪೂರ್ಣವಾಗಿರಬೇಕೆಂದು ಕೇಳುವುದು ಅವನ ಪರವಾಗಿ ಕೇಳಿದಂತೆಯೇ ಸರಿ. ಇಂದು ಹೂತ ಕೊಳವೆಯನ್ನು ನಾಲ್ವತ್ತು ವರ್ಷಗಳ ಅನಂತರ ಅಗೆದು ನೋಡುವವರು ಬಿರುಕಿನ ಕಾರಣವನ್ನು ಹುಡುಕುವಾಗ ಅವರಿಗೆ ಬೇಕಾಗುವುದು ಲೇಪ ಹೊಸದಿದ್ದಾಗ ಎಷ್ಟು ಚೆನ್ನಾಗಿತ್ತೆಂಬ ಪ್ರಶಸ್ತಿಯಲ್ಲ. ಅದು ಏನೇನನ್ನು ಅನುಭವಿಸಿತೆಂಬ ದಾಖಲೆ.

ನಾವು ರಸಾಯನಶಾಸ್ತ್ರಜ್ಞರಲ್ಲ, ಆ ಶಾಸ್ತ್ರದವರು ನಮ್ಮ ವಿವರಣೆಯಲ್ಲಿ ದೋಷಗಳನ್ನು ಕಂಡರೆ ತಿದ್ದಬೇಕೆಂದು ಕೋರುತ್ತೇವೆ. ಆದರೆ ‘ಚರಿತ್ರೆ’ ಎಂಬ ಪದವನ್ನು ಅವರು ನಮ್ಮಿಂದ ತೆಗೆದುಕೊಂಡಿರುವರಾದ್ದರಿಂದ ಅದರೊಡನೆ ಬರುವ ಹೊಣೆಯನ್ನೂ ತೆಗೆದುಕೊಳ್ಳುವರೆಂದು ನಿರೀಕ್ಷಿಸುವುದು ಅತಿಯಾಗಲಾರದು. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡಬೇಕು. ನಡೆದ ಮೇಲೆ ಏನೂ ನಡೆಯಲಿಲ್ಲವೆಂಬಂತೆ ಮೊದಲಿನಿಂದ ಎಣಿಸಬಾರದು. ಶಾಲೆಯ ಪಾಠದ ಆ ಒಂದು ವಾಕ್ಯಕ್ಕೂ ಇಷ್ಟು ತಿದ್ದುಪಡಿ ಅಗತ್ಯವೆಂದು ನಮ್ಮ ಅಭಿಪ್ರಾಯ: ಇಂತಹ ಪ್ಲಾಸ್ಟಿಕ್ಕನ್ನು ಮತ್ತೆ ಮತ್ತೆ ಕರಗಿಸಬಹುದು, ಆದರೆ ಪ್ರತಿಸಲವೂ ಕರಗುವುದು ಅದೇ ಪ್ಲಾಸ್ಟಿಕ್ಕಲ್ಲ.